ದೇವಾಲಯದ ಹಾಡೂ ದೇಶಾಂತರದ ನಾದವೂ

(ಅಮ್ಮತ್ತಿ ವಿಚಾರಣೆಯ ಶತಮಾನೋತ್ಸವದ ಅಂಗವಾಗಿ ಗಾಯನವೃಂದದ ಸದಸ್ಯರನ್ನೂ ಅವರ ತಂದೆತಾಯಿಯರನ್ನೂ ಉದ್ದೇಶಿಸಿ ವಿಚಾರಣೆಯ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವಕ್ಕೆಂದು ಕೂಡಿಬಂದ ಹಣದಲ್ಲಿ ಒಂದು ಭಾಗವನ್ನು ಗಾಯನವೃಂದಕ್ಕಾಗಿ ಮೀಸಲಿಡಲು ಸಮಿತಿಯವರು ನಿರ್ಧರಿಸಿದ್ದಾರೆ. ಅದರ ವಿನಿಯೋಗದ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯಗಳಿವೆ. ತಾಳ ಮೇಳಗಳೆಲ್ಲವನ್ನೂ ಗುಂಡಿ ಒತ್ತಿದೊಡನೆ ತಾನೇ ನುಡಿಸುವ ದೊಡ್ಡ ಕೀಬೋರ್ಡ್ ತರಿಸೋಣವೆಂದು ಕೆಲವರು. ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ವಾದ್ಯ ನುಡಿಸುವುದನ್ನೂ ಕಲಿಸುವ ಶಿಕ್ಷಕರೊಬ್ಬರನ್ನು ಗೊತ್ತುಮಾಡೋಣವೆಂದು ಮತ್ತೆ ಕೆಲವರು. ಶಿಕ್ಷಕರು ಬೇಡವೆನ್ನುವವರು ಮುಂದಿಡುವ ಆಕ್ಷೇಪ ಇದು: ಪಿಯಾನೊ, ಪಿಟೀಲು, ಐದು ಗೆರೆಗಳ ಸ್ವರಲಿಪಿ ಇವೆಲ್ಲ ಪರದೇಶದ ವಿದ್ಯೆ, ಕಾಫಿ ತೋಟದ ನಡುವಿನ ನಮ್ಮ ಮಕ್ಕಳಿಗೆ ಅವು ಏತಕ್ಕೆ? ಈ ಆಕ್ಷೇಪಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ. (ಕಾಫಿಯೇ ಅರಬ್ಬರ ನಾಡಿನಿಂದಲೂ, ಅದಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಆಸ್ಟ್ರೇಲಿಯದಿಂದಲೂ ಬಂದವೆಂಬುದನ್ನು ಸದ್ಯಕ್ಕೆ ಬಿಟ್ಟುಬಿಡೋಣ.)

ಮೊದಲು ನಮ್ಮ ಹಾರ್ಮೋನಿಯಂ. ಅದನ್ನು ನಾವೆಲ್ಲರೂ ಅಪ್ಪಟ ದೇಶೀಯ ವಾದ್ಯವೆಂದೇ ಭಾವಿಸಿದ್ದೇವೆ. ಅದು ಹುಟ್ಟಿದ್ದು ಪ್ಯಾರಿಸಿನಲ್ಲಿ. ಅಲೆಕ್ಸಾಂಡರ್ ದೆಬೇನ್ ಎಂಬವರು 1842ರಲ್ಲಿ ಅದರ ಹಕ್ಕುಪತ್ರ ಪಡೆದರು. ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿ ಒತ್ತಿ ನುಡಿಸಬೇಕಾದ ವಾದ್ಯವದು. ನೆಲದ ಮೇಲೆ ಕುಳಿತು ಹಾಡುವ ನಮ್ಮವರಿಗೆ ಅದು ಒಗ್ಗುವಂತೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ಕಿರಿದುಮಾಡಿ, ತಿದಿಯನ್ನು ಕೈಗೆ ಎಟಕುವಂತೆ ಹಿಂಬದಿಗೆ ತಂದರು. ಸ್ಥಿರ ಸ್ವರಗಳ ಆ ಪೆಟ್ಟಿಗೆಯಲ್ಲಿ ಗಮಕ ಹೊರಡದೆಂದು ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ನಾಟಕ ಕಂಪನಿಗಳಲ್ಲಿ, ಭಜನಾ ಮಂದಿರಗಳಲ್ಲಿ, ನಮ್ಮ ದೇವಾಲಯಗಳಲ್ಲಿ ಅದು ನೆಲೆನಿಂತಿತು.

ಪಿಟೀಲಿನ ಕಥೆಯೂ ಇಂಥದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನಲ್ಲಿ ಐರೋಪ್ಯ ವಾದಕರೊಬ್ಬರ ಬಳಿ ಅದನ್ನು ಕಲಿತರು. ಕಲಿತ ಮೇಲೆ ಕರ್ನಾಟಕ ಸಂಗೀತಕ್ಕೆ ಅದನ್ನು ಒಗ್ಗಿಸಿಕೊಂಡರು. ಇಂದು ನಮ್ಮವರು ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿ, ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಪಾದಕ್ಕೆ ಊರಿ ನುಡಿಸುತ್ತಾರೆ. ಅಣ್ಣನವರು ಸುಮ್ಮನಿರಲಿಲ್ಲ, ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟ್ಟುಸ್ವರಗಳನ್ನು ರಚಿಸಿದರು. ಒಂದು ಶತಮಾನದ ತರುವಾಯ ನಮ್ಮ ಮೈಸೂರು ಸೀಮೆಯ ತಿರುಮಕೂಡಲಿನ ಚೌಡಯ್ಯನವರು, ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಲೆಂದು, ಅದೇ ವಾದ್ಯಕ್ಕೆ ಏಳು ತಂತಿ ಕಟ್ಟಿದರು.

ನಾವು ಹೆಚ್ಚು ಹೇಳಬೇಕೆಂದಿರುವುದು ಮೈಸೂರಿನ ವಿಷಯ. ಬಾಲಕನಾಗಿದ್ದ ಜಯಚಾಮರಾಜ ಒಡೆಯರಿಗೆ ಪಿಯಾನೊ ಕಲಿಸಿದವರು ಗುಡ್ ಶೆಫರ್ಡ್ ಕಾನ್ವೆಂಟಿನ ಒಬ್ಬ ಸನ್ಯಾಸಿನಿ. ಕಛೇರಿ ಕೊಡುವ ಪಿಯಾನೊ ವಾದಕನಾಗಬೇಕೆಂಬ ಆಸೆ ಆ ರಾಜಕುಮಾರರಿಗಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಳ್ಳಲು, ಸಿಂಹಾಸನವೇರಬೇಕಾಯಿತು. ಆದರೂ ಅಭ್ಯಾಸ ಬಿಡದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರರು, ಸ್ವದೇಶದಿಂದ ದೂರವಾಗಿ, ವೃದ್ಧಾಪ್ಯದಲ್ಲಿ, ಜನರ ಮರೆವಿಗೆ ಸಂದಿದ್ದರು. ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸುವ ವೆಚ್ಚವನ್ನು ನಮ್ಮ ಮಹಾರಾಜರು ವಹಿಸಿಕೊಂಡರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸರ ಕಡೆಯ ನಾಲ್ಕು ಗೀತೆಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಆ ಕಛೇರಿಗೆ ಧನಸಹಾಯ ಮಾಡಿದವರೂ ಇವರೇ.

ಹಾಗಾದರೆ ಮಹಾರಾಜರು ಪರದೇಶದವರಾಗಿಬಿಟ್ಟರೇ? ಅದೇ ದಶಕದಲ್ಲಿಯೇ ಅವರು ಕರ್ನಾಟಕ ಸಂಗೀತದಲ್ಲಿ ಕೃತಿರಚನೆಗೆ ತೊಡಗಿ, ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ಬಿಟ್ಟುಹೋದರು. ಪಿಯಾನೊ ಕಲಿತ ಬೆರಳುಗಳಿಂದ ಆ ಕೃತಿಗಳಿಗೆ ಯಾವ ಕುಂದೂ ಬಂದಿಲ್ಲವೆಂಬುದಕ್ಕೆ ಇಂದಿಗೂ ಅವನ್ನು ಹಾಡುತ್ತಿರುವ ವಿದ್ವಾಂಸರೇ ಸಾಕ್ಷಿ. ನಮ್ಮ ಕಥೋಲಿಕ ಸಮಾಜದಲ್ಲಿಯೂ ಉದಾಹರಣೆ ಇದೆ. ಮೈಸೂರಿನ ತಂಬೂಚೆಟ್ಟಿ ಮನೆತನದ ಫಿಲೋಮಿನಾ ಅವರು ಯೂರೋಪಿಗೆ ತೆರಳಿ, ಪ್ಯಾರಿಸಿನಲ್ಲಿ ಜಾರ್ಜ್ ಎನೆಸ್ಕು ಅವರ ಬಳಿ ಪಿಟೀಲು ಕಲಿತರು. ಯೆಹೂದಿ ಮೆನುಹಿನ್ನರಿಗೂ ಗುರುವಾಗಿದ್ದವರು ಅವರೇ. ಆ ಕಾಲದಲ್ಲಿ ಮೈಸೂರಿನ ಹೆಣ್ಣುಮಗಳೊಬ್ಬಳನ್ನು ಸಮುದ್ರದಾಚೆಗೆ ಪಿಟೀಲು ಕಲಿಯಲು ಕಳುಹಿಸಿದ ತಂದೆತಾಯಿಯರ ಧೈರ್ಯವನ್ನು, ಇಲ್ಲಿ ಕುಳಿತಿರುವ ತಂದೆತಾಯಿಯರು ದಯವಿಟ್ಟು ಗಮನಿಸಬೇಕು. ನಾವು ಕೇಳುತ್ತಿರುವುದು ಶನಿವಾರದ ಎರಡು ಗಂಟೆ ಮಾತ್ರ.

ಸ್ವರಲಿಪಿಯಿಂದ ನಮಗೇನು ಲಾಭವೆಂದು ಕೇಳುವಿರಿ. ಹನ್ನೊಂದನೆಯ ಶತಮಾನದಲ್ಲಿ ಅರೆಝೊ ನಗರದ ಗ್ವಿದೊ ಎಂಬ ಸನ್ಯಾಸಿ, ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ಹಸನುಗೊಳಿಸಿದ್ದು, ಎಂದೂ ಕೇಳಿರದ ಹಾಡನ್ನು ಹುಡುಗರು ನೋಡಿದೊಡನೆ ಹಾಡಲೆಂದು. ಗುರುಮಠದಲ್ಲಿ ನಾವು ಕಲಿತ ಗ್ರೆಗೋರಿಯನ್ ಗಾನದ ಪುಸ್ತಕಗಳಲ್ಲಿ ಇರುವುದು ಆ ನಾಲ್ಕು ಗೆರೆಗಳೇ. ಈಗ ಕೊಡಗಿನ ಕಡೆ ತಿರುಗಿ ನೋಡಿರಿ. ನಾಲ್ವರು ಕೂಡಿ ದುಡಿ ಬಾರಿಸುತ್ತ ಹಾಡುವ ಕೊಡವರ ಹಾಡುಗಳ ಸಾಹಿತ್ಯವನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಅಚ್ಚುಹಾಕಿಸಿದರು. ಮಾತು ಉಳಿಯಿತು. ಧಾಟಿಯನ್ನು ಇಂದಿಗೂ ಹಾಡುವವರ ಕಂಠದಿಂದಲೇ ಕಲಿಯಬೇಕು. ನಮ್ಮ ವಿಚಾರಣೆಯಲ್ಲಿಯೂ ಕೊಂಕಣಿ, ಮಲಯಾಳ, ತಮಿಳು ಮನೆಗಳ ಅಜ್ಜಿಯರಿಗೆ ಮಾತ್ರ ಗೊತ್ತಿರುವ ಹಾಡುಗಳಿವೆ. ಅವನ್ನು ಕೇಳಿ ಬರೆದುಕೊಳ್ಳಬಲ್ಲ ಒಂದು ಮಗುವಾದರೂ ನಮ್ಮಲ್ಲಿರಬೇಡವೇ? ಪರದೇಶದ ಲಿಪಿಯಿಂದ ಮೊದಲು ಉಪಕಾರವಾಗುವುದು ಮನೆಯ ಹಾಡಿಗೇ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನಾ ಶಾಸನದಲ್ಲಿ, ಆಯಾ ಜನರ ಸ್ವಂತ ಸಂಗೀತಕ್ಕೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದಿದೆ. ಸಂಗೀತ ಕಲಿಸುವವರನ್ನು ಜಾಗ್ರತೆಯಿಂದ ತರಬೇತುಗೊಳಿಸಬೇಕೆಂದೂ ಇದೆ. ಮೊದಲನೆಯ ಮಾತನ್ನು ಎತ್ತಿ ಆಡುವವರು ಎರಡನೆಯದನ್ನು ಓದುವುದಿಲ್ಲ.

ಕೀಬೋರ್ಡನ್ನು ನಾವು ನಿಂದಿಸುವುದಿಲ್ಲ. ನುಡಿಸಬಲ್ಲ ಕೈಯಲ್ಲಿ ಅದೂ ಒಳ್ಳೆಯ ವಾದ್ಯವೇ. ಆದರೆ ನಮ್ಮ ಹಾರ್ಮೋನಿಯಂ ನುಡಿಸುವ ಹಿರಿಯರಿಗೆ ಎಪ್ಪತ್ತು ದಾಟಿದೆ, ಅವರ ಪಕ್ಕದಲ್ಲಿ ಕುಳಿತು ಕಲಿಯುವವರು ಒಬ್ಬರೂ ಇಲ್ಲ. ಕಳೆದ ಮಳೆಗಾಲದಲ್ಲಿ ಅವರು ಜ್ವರದಿಂದ ಮಲಗಿದ ಎರಡು ಭಾನುವಾರ ಮೊಬೈಲಿಗೆ ತಂತಿ ಸಿಕ್ಕಿಸಿ ಹಾಡು ಹಾಕಿದೆವು. ಸಭೆ ಬಾಯಿ ತೆರೆಯದೆ ನಿಂತಿತ್ತು.

ಆದುದರಿಂದ ಶಿಕ್ಷಕರ ಪರವಾಗಿ ನಮ್ಮ ಅಭಿಪ್ರಾಯವನ್ನು ಸಮಿತಿಗೆ ಬರೆದು ಕೊಟ್ಟಿದ್ದೇವೆ. ಶನಿವಾರ ಮಧ್ಯಾಹ್ನ ಮೂರು ಗಂಟೆಯಿಂದ ಐದರವರೆಗೆ ಗುರುನಿವಾಸದ ಹಿಂದಿನ ಕೊಠಡಿಯನ್ನು ತೆರವು ಮಾಡಿಸಲಾಗುವುದು. ಹಾರ್ಮೋನಿಯಂ ಹಿರಿಯರೂ ಬರಲು ಒಪ್ಪಿದ್ದಾರೆ. ದುಡಿಯ ತಾಳ ಬಲ್ಲ ನೆರೆಯವರೊಬ್ಬರನ್ನು ಕೇಳಿಕೊಂಡಿದ್ದೇವೆ. ಏಳು ವರುಷ ತುಂಬಿದ ಮಕ್ಕಳ ಹೆಸರನ್ನು ಬಲಿಪೂಜೆಯ ನಂತರ ಉಪದೇಶಿಯವರ ಬಳಿ ಬರೆಸಬಹುದು. ಸಿದ್ದಾಪುರದ ಕಡೆಯ ತೋಟಗಳಿಂದ ಬರುವ ಮಕ್ಕಳಿಗೆ ಸಂಜೆಯ ಬಸ್ಸು ತಪ್ಪದಂತೆ ಪಾಠವನ್ನು ಅರ್ಧ ಗಂಟೆ ಮುಂಚೆ ಮುಗಿಸಬೇಕೋ ಎಂಬುದನ್ನು ಅವರ ತಂದೆತಾಯಿಯರು ಇಂದೇ ತಿಳಿಸಬೇಕಾಗಿ ಕೋರುತ್ತೇವೆ.