ನಲವತ್ತೆಂಟನೆಯ ಗಾಯಾಳು



ಬೆನ್ನಿಗೆ ಬಿದ್ದ ಪೆಟ್ಟನ್ನು ಪೆಟ್ಟು ತಿಂದವನು ನೋಡಲಾರ. ಬೇರೆ ಯಾರಾದರೂ ನೋಡಬೇಕು, ಮುಟ್ಟಬೇಕು, ಬರೆದಿಡಬೇಕು. ಹಾಗೆ ಬರೆದಿಟ್ಟವರ ಕಥೆಯನ್ನೇ ಇವತ್ತು ಹೇಳಹೊರಟಿದ್ದೇನೆ. ನನ್ನ ನೌಕರಿಯೆಲ್ಲ ಆಸ್ಪತ್ರೆಯ ದಾಖಲೆ ವಿಭಾಗದಲ್ಲೇ ಕಳೆಯಿತು. ಕೇಸ್ ಶೀಟಿನ ಮೇಲೆ ನಾವು ಬರೆಯುವ ಈ ಪುಟ್ಟ ಕೋಡುಗಳು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದೆ. ಆ ಹುಡುಕಾಟ ನನ್ನನ್ನು ಈಜಿಪ್ಟಿಗೇ ಕರೆದೊಯ್ದಿತು.

1862ರಲ್ಲಿ ಲಕ್ಸಾರ್ ಪಟ್ಟಣದಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಒಂದು ಪಪೈರಸ್ ಸುರುಳಿಯನ್ನು ಕೊಂಡ. ಬಿಚ್ಚಿದರೆ ನಾಲ್ಕೂವರೆ ಮೀಟರಿಗೂ ಉದ್ದ, ಕಪ್ಪು ಮತ್ತು ಕೆಂಪು ಶಾಯಿಯ ಬರಹ. ಕ್ರಿಸ್ತಪೂರ್ವ 1600ರ ಸುಮಾರಿನದು. ಅದಕ್ಕಿಂತ ಎಷ್ಟೋ ಹಳೆಯ ಗ್ರಂಥವೊಂದರ ಪ್ರತಿ. ಸ್ಮಿತ್ ತೀರಿಕೊಂಡ ಮೇಲೆ ಮಗಳು ಅದನ್ನು ನ್ಯೂಯಾರ್ಕಿನ ಸಂಸ್ಥೆಯೊಂದಕ್ಕೆ ಕೊಟ್ಟಳು. ಷಿಕಾಗೋದ ವಿದ್ವಾಂಸ ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ವರ್ಷಗಟ್ಟಲೆ ಕೂತು ಓದಿ 1930ರಲ್ಲಿ ಅನುವಾದವನ್ನು ಪ್ರಕಟಿಸಿದ.

ಅದರಲ್ಲಿದ್ದದ್ದು 48 ಗಾಯಾಳುಗಳ ವಿವರ. ನೆತ್ತಿಯಿಂದ ಶುರುವಾಗಿ ಮುಖ, ಕುತ್ತಿಗೆ, ಭುಜ, ಎದೆ ಹೀಗೆ ಕೆಳಕ್ಕಿಳಿಯುತ್ತ ಬರುತ್ತದೆ. ಪ್ರತಿಯೊಬ್ಬನಿಗೂ ಒಂದೇ ಕ್ರಮ: ಎಲ್ಲಿ ಎಂಥ ಗಾಯ, ಮುಟ್ಟಿ ನೋಡಿದಾಗ ಏನು ಕಂಡಿತು, ಅದಕ್ಕೇನು ಹೆಸರು, ಏನು ಮಾಡಬೇಕು. ಜೊತೆಗೆ ಒಂದು ತೀರ್ಪು. ವಾಸಿ ಮಾಡಬಲ್ಲೆ ಎನ್ನುವ ಗಾಯ ಒಂದು ಬಗೆ, ಹೆಣಗಿ ನೋಡುತ್ತೇನೆ ಎನ್ನುವುದು ಇನ್ನೊಂದು, ಕೈಯಲ್ಲಾಗದು ಎನ್ನುವುದು ಮೂರನೆಯದು. ಇವತ್ತಿನ ಡಿಸ್ಚಾರ್ಜ್ ಸಮರಿಯಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ ಹೇಳಿ! ಕುತ್ತಿಗೆಯ ಮೂಳೆ ಜಾರಿದವನಿಗೆ ಕೈಕಾಲುಗಳ ಅರಿವೇ ಇರುವುದಿಲ್ಲ, ಮೂತ್ರ ತಾನಾಗಿ ಹನಿಯುತ್ತದೆ ಎಂದು ಆ ವೈದ್ಯ ಗಮನಿಸಿದ್ದಾನೆ. ತಲೆಕೆಳಗಾಗಿ ಬಿದ್ದವನ ಒಂದು ಮೂಳೆ ಇನ್ನೊಂದರೊಳಗೆ ನುಗ್ಗಿರುತ್ತದೆ ಎಂದೂ ವಿವರಿಸಿದ್ದಾನೆ.

ನನ್ನನ್ನು ಕಾಡುವವನು ನಲವತ್ತೆಂಟನೆಯವನು. ಅವನ ಬೆನ್ನುಮೂಳೆ ಉಳುಕಿದೆ. ಕಾಲು ನೀಡು, ಮಡಚು ಎಂದು ವೈದ್ಯ ಹೇಳುತ್ತಾನೆ. ನೀಡಿದ ಕೂಡಲೇ ನೋವು ತಡೆಯಲಾರದೆ ಆತ ಕಾಲನ್ನು ಎಳೆದುಕೊಳ್ಳುತ್ತಾನೆ. ತೀರ್ಪೂ ಬಂದಿದೆ: ಇದನ್ನು ವಾಸಿ ಮಾಡಬಹುದು. ಅವನನ್ನು ಅಂಗಾತ ಮಲಗಿಸಬೇಕು ಎನ್ನುವಷ್ಟಕ್ಕೆ ಬಂದು, ವಾಕ್ಯ ಮುಗಿಯುವ ಮೊದಲೇ ಬರಹ ನಿಂತಿದೆ! ಮುಂದೆ ಸುರುಳಿ ಖಾಲಿ. ಪ್ರತಿ ಮಾಡುತ್ತಿದ್ದವನು ಯಾಕೆ ಎದ್ದುಹೋದನೋ. ಸೊಂಟ, ತೊಡೆ, ಕಾಲಿನ ಗಾಯಗಳ ಬಗ್ಗೆ ಆ ಮಹಾ ವೈದ್ಯ ಏನು ಹೇಳಿದ್ದನೋ. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಮ್ಮ ಸುಶ್ರುತನ ದಾರಿ ಬೇರೆ. ಪೆಟ್ಟಿನಿಂದಾದ ಗಾಯಗಳನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು ಆರು ಮಾಡಿದ. ಎಲ್ಲಿ ಆಯಿತು ಎನ್ನುವುದರ ಮೇಲಲ್ಲ, ಕಡಿದದ್ದೋ ಚುಚ್ಚಿದ್ದೋ ಜಜ್ಜಿದ್ದೋ ತರಚಿದ್ದೋ ಎನ್ನುವುದರ ಮೇಲೆ ನಿಂತ ವಿಂಗಡಣೆ ಇದು.

ಅಲ್ಲಿಂದ ಒಂದೇ ಜಿಗಿತಕ್ಕೆ ಹತ್ತೊಂಬತ್ತನೇ ಶತಮಾನಕ್ಕೆ ಬರೋಣ. ಲಂಡನ್ನಿನಲ್ಲಿ ವಿಲಿಯಂ ಫಾರ್ ಸಾವಿನ ಕಾರಣಗಳಿಗೆ ಒಂದು ಕ್ರಮ ಕಟ್ಟಿದ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಷಿಕಾಗೋದ ಸಭೆಯೊಂದರಲ್ಲಿ ತನ್ನ ಪಟ್ಟಿಯನ್ನು ಮಂಡಿಸಿದ. 1900ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಮೊದಲ ಪರಿಷ್ಕರಣೆ. ದೊಡ್ಡ ಕೆಲಸ, ನಿಜ. ಆದರೆ ಅದು ಸತ್ತವರ ಪಟ್ಟಿ. ಬೆನ್ನಿಗೆ ಪೆಟ್ಟು ಬಿದ್ದೂ ಬದುಕುಳಿದು, ಹಾಸಿಗೆ ಹಿಡಿದು, ಕೋಲೂರಿ ಎದ್ದವನಿಗೆ ಅಲ್ಲಿ ಜಾಗವಿರಲಿಲ್ಲ. 1948ರ ಆರನೇ ಪರಿಷ್ಕರಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಕೈಗೆತ್ತಿಕೊಂಡ ಮೇಲೆ ಬದುಕಿರುವವರ ಕಾಯಿಲೆ, ಗಾಯಗಳೂ ಸೇರಿದವು. ಗಾಯ ಎಂಥದ್ದು ಎನ್ನುವುದಕ್ಕೆ ಒಂದು ಸಂಖ್ಯೆ, ಹೇಗಾಯಿತು ಎನ್ನುವುದಕ್ಕೆ ಇನ್ನೊಂದು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮಾನವೀಯವಾದ ಹೆಜ್ಜೆ ಅದು.

ನಾವು ಬಳಸುತ್ತ ಬಂದ ಐಸಿಡಿ-10ರಲ್ಲಿ, ಅಂದರೆ ಅದೇ ಪಟ್ಟಿಯ ಹತ್ತನೇ ಪರಿಷ್ಕರಣೆಯಲ್ಲಿ, ಬೆನ್ನು ಎರಡು ಪಾಲಾಗಿದೆ. ಮೇಲ್ಬೆನ್ನಿನ ತೆರೆದ ಗಾಯ ಎದೆಯ ಗುಂಪಿಗೆ ಸೇರಿ ಎಸ್21.2 ಆಗುತ್ತದೆ, ಕೆಳಬೆನ್ನಿನದು ಹೊಟ್ಟೆಯ ಗುಂಪಿಗೆ ಸೇರಿ ಎಸ್31.0. ಅಮೆರಿಕ 2015ರ ಅಕ್ಟೋಬರ್‌ನಿಂದ ಬಳಸುತ್ತಿರುವ ರೂಪ ಇನ್ನೂ ಉದ್ದ. ಬೆಂಗಳೂರಿನಲ್ಲಿ ಕೂತು ಅಲ್ಲಿನ ಆಸ್ಪತ್ರೆಗಳ ಚಾರ್ಟುಗಳಿಗೆ ಕೋಡ್ ಹಾಕುವ ನಮ್ಮ ಹುಡುಗ ಹುಡುಗಿಯರು ಇದನ್ನು ನಿದ್ದೆಯಲ್ಲೂ ಹೇಳಬಲ್ಲರು. ಎಸ್21.211ಎ ಎಂದರೆ ಎದೆಗೂಡಿನ ಹಿಂಭಾಗ, ಹರಿದ ಗಾಯ, ಒಳಗೆ ಏನೂ ಉಳಿದಿಲ್ಲ, ಎದೆಯ ಪೊಳ್ಳಿನವರೆಗೆ ಇಳಿದಿಲ್ಲ, ಬಲಗಡೆ, ಚಿಕಿತ್ಸೆ ನಡೆಯುತ್ತಿದೆ. ಒಳಗಿಳಿದಿದ್ದರೆ ನಡುವಿನ ಅಂಕಿಯೇ ಬದಲಾಗುತ್ತದೆ. ಎಡವೋ ಬಲವೋ ಎಂದು ಚಾರ್ಟಿನಲ್ಲಿ ಯಾರೂ ಬರೆಯದಿದ್ದರೆ ಕೋಡ್ ಹಾಕುವವರು ಊಹಿಸುವಂತಿಲ್ಲ. ವೈದ್ಯರಿಗೇ ಕ್ವೆರಿ ಕಳಿಸಿ ಕೇಳಬೇಕು. ಈ ಕಟ್ಟುನಿಟ್ಟು ನನಗೆ ಬಹಳ ಇಷ್ಟ.

ನಮ್ಮಲ್ಲಿ ಆ ಶ್ರದ್ಧೆ ಇರುವುದು ವೂಂಡ್ ಸರ್ಟಿಫಿಕೇಟಿನಲ್ಲಿ. ಅದು ಕೋರ್ಟಿಗೆ ಹೋಗುವ ಕಾಗದ. ಹಾಗಾಗಿ ಗಾಯದ ಉದ್ದ ಅಗಲ, ಜಾಗ, ಸಾದಾ ಗಾಯವೋ ತೀವ್ರ ಗಾಯವೋ ಎಲ್ಲವನ್ನೂ ಬರೆಯುತ್ತಾರೆ. ಕೇಸು ಇಲ್ಲದವನ ಶೀಟಿನಲ್ಲಿ ಮಾತ್ರ ಎಷ್ಟೋ ಸಲ ‘ಬೆನ್ನಿಗೆ ಪೆಟ್ಟು’ ಎಂಬ ಎರಡೇ ಪದ. ಅದಕ್ಕೆ ಹೊಂದುವುದು ಟಿ09, ಅಂದರೆ ಮುಂಡಕ್ಕೆ ಪೆಟ್ಟು, ಮಟ್ಟ ಗೊತ್ತಿಲ್ಲ. ಮಲೆನಾಡಿನಲ್ಲಿ ಕೊನೆ ಕೊಯ್ಯಲು ಹತ್ತಿ ಅಡಿಕೆ ಮರದಿಂದ ಬಿದ್ದ ಕೊನೆಗೌಡನನ್ನೇ ತೆಗೆದುಕೊಳ್ಳಿ. ಮರದಿಂದ ಬಿದ್ದದ್ದಕ್ಕೆಂದೇ ಡಬ್ಲ್ಯೂ14 ಎಂಬ ಕೋಡ್ ಇದೆ. ಆದರೆ ಮರ ಎಂಬ ಮಾತೇ ಕೇಸ್ ಶೀಟಿನಲ್ಲಿಲ್ಲದಿದ್ದರೆ ಅದನ್ನು ಹಾಕುವುದು ಹೇಗೆ? ಅವನು ಬರೀ ‘ಬಿದ್ದವನು’ ಆಗಿ ಲೆಕ್ಕಕ್ಕೆ ಸೇರುತ್ತಾನೆ. ಒಂದು ತಾಲೂಕಿನಲ್ಲಿ ಸುಗ್ಗಿಯ ಕಾಲಕ್ಕೆ ಎಷ್ಟು ಮಂದಿ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು ಎಂದು ನಾಳೆ ಯಾರಾದರೂ ಕೇಳಿದರೆ ಆ ಶೀಟುಗಳಲ್ಲಿ ಉತ್ತರ ಸಿಗುವುದಿಲ್ಲ. ಮರದಡಿಯಿಂದ ಅವನನ್ನು ಹೊತ್ತು ತಂದವರಿಗೆ ಎಲ್ಲವೂ ಗೊತ್ತಿತ್ತು. ದಾಖಲು ಮಾಡಿಕೊಳ್ಳುವ ಹೊತ್ತಿನಲ್ಲಿ ಅವರನ್ನು ಯಾರೂ ಕೇಳಲಿಲ್ಲ.