ಅಜ್ಜಿಯ ಮನೆಯಿಂದ ಅಪ್ಪನ ಮನೆಗೆ
(ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಜನಜೀವನವು ತಲೆಮಾರಿನಿಂದ ತಲೆಮಾರಿಗೆ ಹೇಗೆ ಮಾರ್ಪಡುತ್ತದೆಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ವ್ಯವಸ್ಥಾಪಕರು ಅಪ್ಪಣೆ ಮಾಡಿದ್ದಾರೆ. ವಿದ್ಯುದ್ದೀಪ, ಮೋಟಾರು ರಸ್ತೆ, ದೂರವಾಣಿಗಳ ವಿಚಾರವನ್ನು ತಾವೆಲ್ಲರೂ ಬಲ್ಲಿರಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ನಮ್ಮ ಮನೆಗಳಲ್ಲಿ ಅವೆಲ್ಲಕ್ಕಿಂತ ಆಳವಾದ ಪರಿವರ್ತನೆಯೊಂದು ನಡೆದಿದೆ. ‘ನಿನ್ನದು ಯಾವ ಮನೆ?’ ಎಂದು ಕೇಳಿದರೆ ಹಿಂದಿನ ಮಗು ತಾಯಿಯ ಮನೆಯ ಹೆಸರನ್ನು ಹೇಳುತ್ತಿತ್ತು. ಇಂದಿನ ಮಗು ತಂದೆಯ ಹೆಸರನ್ನು ಹೇಳುತ್ತದೆ.

ಘಟ್ಟದ ಮೇಲಿನ ಜೈನ ಬಂಧುಗಳಿಗೆ ನಮ್ಮ ಅಳಿಯಸಂತಾನ ಕಟ್ಟು ಸದಾ ಸೋಜಿಗದ ಸಂಗತಿ. ಬಂಟರೇ ಮೊದಲಾದವರಂತೆ ತುಳುನಾಡಿನ ಜೈನರೂ ಇದನ್ನು ಅನುಸರಿಸಿದರು. ಅರಸೊತ್ತಿಗೆಗೂ ಇದೇ ನಿಯಮ. ಚೌಟರ ಮನೆತನದಲ್ಲಿ ತಿರುಮಲರಾಯನ ಬಳಿಕ ಸೋದರ ಸೊಸೆ ಅಬ್ಬಕ್ಕ ಉಳ್ಳಾಲದ ಪಟ್ಟವೇರಿದ್ದು ಈ ಕಟ್ಟಿನಿಂದಲೇ. ಸಾಮಾನ್ಯರ ಮನೆಗಳಲ್ಲಿ ಆಡಳಿತ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತಾದರೂ ಮನೆ ಬೆಳೆಯುತ್ತಿದ್ದುದು ಹೆಣ್ಣಿನಿಂದ. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ತವರಿನ ಹಕ್ಕು ತಪ್ಪುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡು ಮರಳಿದವಳು ಯಾರ ಹಂಗಿಗೂ ಬಂದವಳಲ್ಲ, ತನ್ನ ಮನೆಗೇ ಬಂದವಳು. ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ತಂದೆ ತನ್ನ ದುಡಿಮೆಯನ್ನೆಲ್ಲ ಅಕ್ಕತಂಗಿಯರ ಮನೆಗೆ ಸುರಿದು, ಸ್ವಂತ ಮಕ್ಕಳಿಗೆ ಬರಿಗೈ ತೋರಬೇಕಾದ ಸಂಕಟವೂ ಅಲ್ಲಿತ್ತು.

ಮೊದಲು ಸರ್ವರ ಸಮ್ಮತಿಯಿಲ್ಲದೆ ಕುಟುಂಬವನ್ನು ಪಾಲು ಮಾಡುವಂತಿರಲಿಲ್ಲ. ಮದರಾಸು ಸರಕಾರದ 1949ರ ಅಳಿಯಸಂತಾನ ಕಾಯಿದೆಯು ಪಾಲು ಕೇಳುವ ಹಕ್ಕನ್ನು ಕವರುಗಳಿಗೆ ಕೊಟ್ಟಿತು. ಕವರೆಂದರೆ ಒಬ್ಬ ಸ್ತ್ರೀಯೂ ಅವಳ ಮಕ್ಕಳೂ ಹೆಣ್ಣುಮಕ್ಕಳ ಮೂಲಕ ಇಳಿದ ಸಂತತಿಯೂ ಸೇರಿದ ಶಾಖೆ. ನಿಸ್ಸಂತತಿ ಕವರಿಗೆ ದೊರೆತುದು ಜೀವಿತಾವಧಿಯ ಅನುಭೋಗ ಮಾತ್ರ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ನಮಗೂ ಅನ್ವಯವಾಯಿತು. ಮೃತನ ಪಾಲು ಕುಟುಂಬಕ್ಕೆ ಮರಳದೆ ಅವನ ಹೆಂಡತಿ ಮಕ್ಕಳಿಗೆ ಸಂದಿತು. ಒಂದೇ ಚಾವಡಿಯಲ್ಲಿ ನಾಲ್ಕು ಒಲೆಗಳು ಹೊತ್ತಿದವು.

ಮೂರನೆಯ ಪೆಟ್ಟು, ಪೆಟ್ಟೆನ್ನುವುದು ಸರಿಯೋ ತಿಳಿಯದು, 1974ರ ಭೂಸುಧಾರಣೆ. ಆ ವರ್ಷದ ಮಾರ್ಚ್ 1ರಿಂದ ಗೇಣಿಯ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲುಗಳು ಅರ್ಜಿ ಸಲ್ಲಿಸಿ ಒಡೆಯರಾದರು. ಗೇಣಿ ಅಕ್ಕಿಯನ್ನೇ ನಂಬಿದ್ದ ಬೀಡುಗಳ ಕಣಜಗಳು ಬರಿದಾದವು. ನಮ್ಮಲ್ಲಿ ಕೆಲವರು ಇಂದಿಗೂ ಇದನ್ನು ಅನ್ಯಾಯವೆನ್ನುತ್ತಾರೆ. ಕೆಸರಿನಲ್ಲಿ ನಿಂತು ಏಣೆಲು, ಸುಗ್ಗಿ, ಕೊಳಕೆಗಳನ್ನು ಬೆಳೆದವನ ಮಗನು ಶಾಲೆಗೆ ಹೋದದ್ದು ಆ ಬಳಿಕವೇ ಎಂಬುದನ್ನು ಅವರು ಎಣಿಸಬೇಕು. ಆದರೆ ದೊಡ್ಡ ಮನೆಯಲ್ಲಿ ಪಾಲಿಗೆ ಬಂದ ಗದ್ದೆಯ ಗೇಣಿಯಿಂದಲೇ ಬದುಕುತ್ತಿದ್ದ ವಿಧವೆಯ ಕಷ್ಟವೂ ಸುಳ್ಳಲ್ಲ. ಅಳಿಯಸಂತಾನ ಅವಳಿಗಿತ್ತ ಆಸರೆ ಪಾಲಿನಲ್ಲಿ ಕಿರಿದಾಯಿತು, ಗೇಣಿಯೊಂದಿಗೆ ಮುಗಿಯಿತು. ಅವಳ ಮಕ್ಕಳು ಮುಂಬಯಿಗೆ, ಬೆಂಗಳೂರಿಗೆ ನಡೆದರು.

ಬಸದಿಗಳ ಪಾಡೂ ಅಷ್ಟೆ. ನಿತ್ಯಪೂಜೆಗೆಂದು ಬಿಟ್ಟಿದ್ದ ಉಂಬಳಿ ಗದ್ದೆಗಳು ಗೇಣಿದಾರರಿಗೆ ಸಂದು, ಬದಲಿಗೆ ಸರಕಾರದ ವರ್ಷಾಶನ ಉಳಿಯಿತು. ಒಕ್ಕಲು ಹೊತ್ತು ತರುತ್ತಿದ್ದ ಅಕ್ಕಿಮುಡಿಯ ಸ್ಥಾನದಲ್ಲಿ ಈಗ ಊರು ಬಿಟ್ಟವರ ಹಣ ಬರುತ್ತದೆ. ಗದ್ದೆಗಳಲ್ಲಿ ಅಡಿಕೆ ಬಂದಿದೆ. ಬೆಳ್ತಂಗಡಿಯ ಕಡೆ ಗುಡ್ಡಗಳಲ್ಲಿ ರಬ್ಬರು. ಹುಲ್ಲಿನ ಹಗ್ಗ ಸುತ್ತಿ ಮುಡಿ ಕಟ್ಟಬಲ್ಲ ಕೈಗಳು ಎಷ್ಟು ಉಳಿದಿವೆಯೋ!

ನನಗೆ ಚಿಂತೆಯಾಗಿರುವುದು ಮತ್ತೊಂದು. ಕಾನೂನಿನಲ್ಲಿ ಹೆಣ್ಣಿಗೆ ಸಮಪಾಲಿದೆ. ಆದರೂ ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವ ಹೆಣ್ಣುಮಕ್ಕಳನ್ನು ನಾನು ಕಾಣುತ್ತಿದ್ದೇನೆ. ಅವರ ಅಜ್ಜಿ ಅದೇ ಮನೆಯ ಮೂಲವಾಗಿದ್ದಳು. ತವರಿಗೆ ಬರುವ ಮೊಮ್ಮಗಳು ಇಂದು ನೆಂಟಳು.

ಹಳೆಯ ಕಟ್ಟು ಮರಳಿ ಬರಲಿ ಎಂದು ನಾನು ಹೇಳಲಾರೆ, ಅದು ಬಾರದು. ನನ್ನ ಬೇಡಿಕೆ ಸಣ್ಣದು. ಪಾಲಿನ ದಾವೆಗಳ ಕಾಗದಪತ್ರಗಳು ಅನೇಕ ಮನೆಗಳ ಪೆಟ್ಟಿಗೆಗಳಲ್ಲಿವೆ. ಅವುಗಳಿಗೆ ಲಗತ್ತಿಸಿದ ವಂಶವೃಕ್ಷಗಳು ಮೂಲಸ್ತ್ರೀಯಿಂದ ಆರಂಭವಾಗಿ ಹೆಣ್ಣುಮಕ್ಕಳ ಮೂಲಕವೇ ಕೆಳಗಿಳಿಯುತ್ತವೆ. ಮನೆಯನ್ನು ಒಡೆದ ಕಾಗದವೇ ಅಜ್ಜಿಯರ ಹೆಸರನ್ನು ಉಳಿಸಿದೆ. ಗೆದ್ದಲು ಹಿಡಿಯುವ ಮೊದಲು ಅವನ್ನು ತೆಗೆದು, ಈ ಹಬ್ಬಕ್ಕೆ ಊರಿಗೆ ಬಂದಿರುವ ಮಕ್ಕಳಿಂದಲೇ ಒಂದು ಪುಸ್ತಕಕ್ಕೆ ನಕಲು ಮಾಡಿಸಿರಿ.