ಆರೈಕೆಯ ಕೈಗಳೂ ದಣಿಯುತ್ತವೆ

(ಶತಮಾನೋತ್ಸವದ ಕುಟುಂಬ ದಿನದಂದು ಮಾಡಿದ ಭಾಷಣ)



ಈ ಸಂಭ್ರಮದ ದಿನದಲ್ಲಿ ನನಗೆ ಒಪ್ಪಿಸಿರುವ ವಿಷಯ ಸಂಭ್ರಮದ್ದಲ್ಲ. ಹಾಸಿಗೆ ಹಿಡಿದವರಿಗಾಗಿ ನಾವು ಪ್ರತಿ ಭಾನುವಾರ ಪ್ರಾರ್ಥಿಸುತ್ತೇವೆ. ಆ ಹಾಸಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವರನ್ನು ನೆನೆಯುವುದು ಮಾತ್ರ ಅಪರೂಪ.

ನಾನು ನಾಲತವಾಡದ ಸೊಸೆ. ನಮ್ಮ ಮುದ್ದೇಬಿಹಾಳ ಸೀಮೆಯಿಂದ ಗೋವೆ, ಮಂಗಳೂರುಗಳ ಕಡೆಗೆ ದುಡಿಯಲು ಹೋಗುವವರು ಬಹಳ ಎಂಬುದು ತಮಗೆ ತಿಳಿದೇ ಇದೆ. ಗಟ್ಟಿಮುಟ್ಟಾದವರು ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುವವರು ವೃದ್ಧರು, ಮಕ್ಕಳು ಮತ್ತು ಅವರೆಲ್ಲರನ್ನೂ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು. ನಮ್ಮ ಮನೆಯಲ್ಲಿ ಆ ಹೆಣ್ಣುಮಗಳು ನಾನಾಗಿದ್ದೆ. ಅತ್ತೆಯವರು ಪಾರ್ಶ್ವವಾಯು ಬಡಿದು ಆರು ವರ್ಷ ಮಂಚದ ಮೇಲಿದ್ದರು. ಬೆನ್ನಿಗೆ ಹುಣ್ಣಾಗದಂತೆ ಹಗಲಿರುಳೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕಾಗಿತ್ತು. ನೋಡಲು ಬಂದವರು ನನ್ನನ್ನು ಪುಣ್ಯವಂತೆ ಎಂದು ಹೊಗಳಿ, ಚಹಾ ಕುಡಿದು ಹೊರಡುತ್ತಿದ್ದರು. ಆ ಚಹಾವನ್ನೂ ನಾನೇ ಮಾಡಬೇಕಾಗಿತ್ತು.

ನಾಲ್ಕನೆಯ ವರ್ಷದ ಒಂದು ರಾತ್ರಿ ಅತ್ತೆಯವರು ಕುಡಿಸಿದ ಅಂಬಲಿಯನ್ನು ಮೂರನೆಯ ಬಾರಿ ಉಗುಳಿದಾಗ ನಾನು ಅವರ ಕೈಗೆ ಹೊಡೆದೆ. ಅವರಿಗೆ ಮಾತು ಹೋಗಿತ್ತು, ಯಾರಿಗೂ ಹೇಳುವಂತಿರಲಿಲ್ಲ. ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ಪಾಪನಿವೇದನೆಯಲ್ಲಿ ಅಳುತ್ತ ಇದನ್ನು ಹೇಳಿದಾಗ ಗುರುಗಳು ಮೊದಲು ಕೇಳಿದ್ದು, "ರಾತ್ರಿ ಪೂರ್ತಿ ನಿದ್ದೆ ಮಾಡಿ ಎಷ್ಟು ದಿನವಾಯಿತಮ್ಮಾ?" ಎಂದು. ನನಗೆ ಲೆಕ್ಕ ಸಿಗಲಿಲ್ಲ.

ಈ ಬಸವಳಿಕೆಗೆ 1974ರಲ್ಲಿ 'ಬರ್ನ್‌ಔಟ್' ಎಂಬ ಹೆಸರಿಟ್ಟು ಬರೆದವರು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಉಚಿತ ಚಿಕಿತ್ಸಾಲಯದಲ್ಲಿ ಸೇವೆ ಮಾಡುತ್ತ ಅವರೇ ಅದಕ್ಕೆ ಒಳಗಾಗಿದ್ದರು. ಆಲಸಿಗಳಿಗೆ ಬರುವ ವ್ಯಾಧಿ ಇದಲ್ಲ. ಮನಸಾರೆ ದುಡಿಯುವವರಿಗೇ ಬರುತ್ತದೆ. ರೋಗಿ ಮಲಗಿದ್ದರೂ ತಮಗೆ ನಿದ್ದೆ ಹತ್ತದಿರುವುದು, ತಮ್ಮ ರಕ್ತದೊತ್ತಡದ ಗುಳಿಗೆಯನ್ನೇ ಮರೆಯುವುದು, ರೋಗಿಯ ಕೆಮ್ಮು ಕೇಳಿದೊಡನೆ ಸಿಟ್ಟು ಏರುವುದು, 'ಇದು ಮುಗಿಯಬಾರದೇ' ಎಂದೆನಿಸಿ ಮರುಕ್ಷಣವೇ ನಡುಗುವುದು, ಇವೆಲ್ಲ ಅದರ ಗುರುತುಗಳು. ಕೈ ಎತ್ತುವ ಮಟ್ಟಕ್ಕೆ ಬಂದಿದ್ದರೆ, ಇಲ್ಲವೆ ತಮ್ಮ ಪ್ರಾಣವೇ ಬೇಡವೆನಿಸಿದರೆ, ಆ ದಿನವೇ ಭಾರವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲೇ ಹಣವಿಲ್ಲದೆ ಮಾತನಾಡಬಹುದು.

ವಿಮೋಚನಾಕಾಂಡದ 18ನೆಯ ಅಧ್ಯಾಯವನ್ನು ತಾವು ಬಲ್ಲಿರಿ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುವುದನ್ನು ಕಂಡ ಇತ್ರೋ, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸಿ ಭಾರವನ್ನು ಹಂಚಿಸಿದನು. ಈ ಬುದ್ಧಿಮಾತು ಹೇಳಿದವನು ಹೆಣ್ಣು ಕೊಟ್ಟ ಮಾವ ಎಂಬುದನ್ನು ಗಮನಿಸಬೇಕು. ದುಡಿಯುವವನಿಗೆ ತನ್ನ ದಣಿವು ಕಾಣುವುದಿಲ್ಲ. ಬೀಗರ ಕಣ್ಣಿಗಾದರೂ ಕಾಣಬೇಕು.

ನನ್ನ ಪಾಲಿಗೆ ಆ ಕಣ್ಣು ನಾದಿನಿಯದು. ಅವಳು ಗೋವೆಗೆ ಫೋನು ಮಾಡಿ ಮೈದುನನನ್ನು ಕರೆಸಿದಳು. ಧರ್ಮಭಗಿನಿಯೊಬ್ಬರು ಅವನಿಗೆ ಮಗ್ಗುಲು ಬದಲಿಸುವುದನ್ನೂ, ತಲೆಯೆತ್ತಿ ಕೂರಿಸಿ ಉಣಿಸುವುದನ್ನೂ ಕಲಿಸಿದರು. ನಾನು ಹದಿನೈದು ದಿನ ತವರಿಗೆ ಹೋದೆ. ಮೊದಲೆರಡು ರಾತ್ರಿ ಎರಡು ತಾಸಿಗೊಮ್ಮೆ ಎಚ್ಚರವಾಗಿ ಕತ್ತಲಲ್ಲಿ ಮಂಚವನ್ನು ತಡಕಾಡಿದೆನು. ಮರಳಿ ಬಂದಾಗ ಅತ್ತೆಯವರು ಮಗನ ಕೈಯಿಂದ ಸಲೀಸಾಗಿ ಉಣ್ಣುತ್ತಿದ್ದರು. ಸಂತೋಷದ ಜೊತೆಗೆ, ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚೂ ಆಯಿತು. ನನ್ನ ಹೊರತು ಆಗದು ಎಂಬ ಅಹಂಕಾರವೂ ನನ್ನ ದಣಿವಿನಲ್ಲಿ ಕೂಡಿಕೊಂಡಿತ್ತೆಂದು ಅಂದು ತಿಳಿಯಿತು. ಮುಂದಿನ ಎರಡು ವರ್ಷ ಸರದಿಯ ಮೇಲೆ ನೋಡಿಕೊಂಡೆವು. ಕೊನೆಯ ದಿನ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಮನೆಯಲ್ಲಿ ನೋಡಿಕೊಳ್ಳಲು ಸಾಧ್ಯವೇ ಇಲ್ಲದ ಸಂದರ್ಭಗಳೂ ಉಂಟು. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತಾರೆ. ಅಂಥ ಕಡೆ ಸೇರಿಸಿದವರನ್ನು ತಾಯಿಯನ್ನು ಹೊರಹಾಕಿದವರೆಂದು ಆಡಿಕೊಳ್ಳಬೇಡಿ.

ಇಂದಿನ ಊಟದ ಪಂದಿಯ ಬಳಿ ಮೇಜಿನ ಮೇಲೆ ಒಂದು ಪುಸ್ತಕವನ್ನಿರಿಸಿದ್ದೇವೆ. ವಾರಕ್ಕೆ ಎರಡು ತಾಸು ಯಾರಾದರೊಬ್ಬರ ಮನೆಯ ರೋಗಿಯ ಬಳಿ ಕುಳಿತು, ಆ ಮನೆಯವರನ್ನು ಮಲಗಲು ಕಳುಹಿಸಬಲ್ಲವರು ಅದರಲ್ಲಿ ಹೆಸರು ಬರೆಯಬಹುದು. ಗಂಡಸರೂ ಬರೆಯಬಹುದು.